ಅನ್ನವಿದ್ದೂ ಸೊರಗುವ ಕೂಸು

ಬೆಂಗಳೂರಿನ ಹೊರವಲಯದ ಚರಿತ್ರೆಯನ್ನು ಬರೆಯತಕ್ಕವರು ಸಾಮಾನ್ಯವಾಗಿ ಅದನ್ನು ಭೂಮಿಯ ಚರಿತ್ರೆಯಾಗಿಯೋ ಬಂಡವಾಳದ ಚರಿತ್ರೆಯಾಗಿಯೋ ಬರೆಯುತ್ತಾರೆ. 1882ರಲ್ಲಿ ಹತ್ತನೆಯ ಚಾಮರಾಜೇಂದ್ರ ಒಡೆಯರು ಆಂಗ್ಲೋ-ಇಂಡಿಯನ್ನರ ಸಂಘಕ್ಕೆ 3,900 ಎಕರೆ ನೆಲವನ್ನು ದಯಪಾಲಿಸಿದ್ದರಿಂದ ಹುಟ್ಟಿದ ವೈಟ್‌ಫೀಲ್ಡ್, 1970ರ ದಶಕದಲ್ಲಿ ಸಣ್ಣ ಕೈಗಾರಿಕೆಗಳಿಗೆಂದು ಏರ್ಪಟ್ಟ ಪೀಣ್ಯ, 1978ರಲ್ಲಿ ಆರ್. ಕೆ. ಬಾಳಿಗರ ದೂರದೃಷ್ಟಿಯ ಫಲವಾಗಿ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರುಗಳ 332 ಎಕರೆಯಲ್ಲಿ ಕಿಯೋನಿಕ್ಸ್ ಸಂಸ್ಥೆ ನಿರ್ಮಿಸಲಾರಂಭಿಸಿದ ಎಲೆಕ್ಟ್ರಾನಿಕ್ ಸಿಟಿ, ಇವುಗಳ ಅಭ್ಯುದಯದ ವೃತ್ತಾಂತ ನಮ್ಮಲ್ಲಿ ಅನೇಕರಿಗೆ ಕಂಠಪಾಠವಾಗಿದೆ. ಆದರೆ ಇದೇ ನೆಲಕ್ಕೆ ಅನ್ನದ ಚರಿತ್ರೆಯೊಂದೂ ಉಂಟು. ರಾಗಿಯ ಹೊಲದಲ್ಲಿ ಅವರೆಯ ಅಕ್ಕಡಿ, ಬದುವಿನಲ್ಲಿ ಹುರುಳಿ, ಕೆರೆಯ ಕೆಳಗಿನ ಗದ್ದೆಯ ಅಂಚಿನಲ್ಲಿ ಹೊನಗೊನ್ನೆ ಸೊಪ್ಪು, ಮನೆಯ ಹಿತ್ತಿಲಿನಲ್ಲಿ ನುಗ್ಗೆಯ ಮರ, ಹಟ್ಟಿಯಲ್ಲಿ ಒಂದೆರಡು ಕೋಳಿ ಇದ್ದ ಊರುಗಳು ಇಂದು ಗಾಜಿನ ಸೌಧಗಳಾಗಿವೆ. ಆ ಸೌಧಗಳನ್ನು ಕಟ್ಟಲು ರಾಯಚೂರು, ಯಾದಗಿರಿ, ಕಲಬುರಗಿಗಳಿಂದಲೂ, ಒಡಿಶಾ, ಬಿಹಾರ, ಪಶ್ಚಿಮ ಬಂಗಾಳಗಳಿಂದಲೂ ಬಂದವರ ಕೂಸುಗಳು, ಆ ಸೌಧಗಳ ನೆರಳು ಬೀಳುವಷ್ಟು ಸಮೀಪದ ತಗಡಿನ ಶೆಡ್ಡುಗಳಲ್ಲಿ, ಬಿಳಿಯ ಅನ್ನ, ತಿಳಿಸಾರು ಮತ್ತು ಐದು ರೂಪಾಯಿಯ ಬಿಸ್ಕತ್ತಿನ ಮೇಲೆ ಬೆಳೆಯುತ್ತಿವೆ, ಅಥವಾ ಬೆಳೆಯದೆ ಉಳಿಯುತ್ತಿವೆ.

ಹಸಿವೆಂದ ಕೂಡಲೆ ನಮ್ಮ ಮನಸ್ಸಿಗೆ ಬರುವುದು ಬರಗಾಲದ ಚಿತ್ರ: ಬೆಂಕಿ ಹೊತ್ತದ ಒಲೆ, ಬರಿದಾದ ಮಡಕೆ. ಈ ಶೆಡ್ಡುಗಳಲ್ಲಿ ಒಲೆ ಹೊತ್ತುತ್ತದೆ, ಪಾತ್ರೆಯಲ್ಲಿ ಅನ್ನವೂ ಇರುತ್ತದೆ. ಆದ್ದರಿಂದಲೇ ಇಲ್ಲಿ ಹಸಿವಿಲ್ಲವೆಂದು ದಾರಿಹೋಕನು ನಿರ್ಣಯಿಸಿಬಿಡುತ್ತಾನೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆಯು ಕುಟುಂಬಗಳ ಆಹಾರ ಅಭದ್ರತೆಯನ್ನು ಅಳೆಯುವುದಕ್ಕೆ ಎಂಟು ಪ್ರಶ್ನೆಗಳ ಒಂದು ಮಾಪಕವನ್ನು ರೂಪಿಸಿದೆ; ಅದರ ಕ್ರಮವೇ ವಿಚಾರಾರ್ಹವಾದದ್ದು. ನಾಳೆಯ ಊಟದ ಚಿಂತೆ ಮೊದಲನೆಯದು. ಪುಷ್ಟಿಕರವಾದದ್ದನ್ನು ಉಣ್ಣಲಾಗದಿರುವುದು, ಬಗೆಬಗೆಯ ಪದಾರ್ಥಗಳು ಹೋಗಿ ಒಂದೆರಡೇ ಉಳಿಯುವುದು ಅನಂತರದ್ದು. ಹೊತ್ತು ತಪ್ಪಿಸುವುದು, ಕಡಿಮೆ ಉಣ್ಣುವುದು ಆಮೇಲಿನದು. ಇಡೀ ದಿನ ಉಪವಾಸವಿರುವುದು ಕಟ್ಟಕಡೆಯದು. ಅಂದರೆ ದಾರಿದ್ರ್ಯವು ಮನೆಯನ್ನು ಹೊಕ್ಕಾಗ ಅದು ಮೊದಲು ಅನ್ನಕ್ಕೆ ಕೈಹಾಕುವುದಿಲ್ಲ. ಮೊಟ್ಟೆ, ಹಾಲು, ಬೇಳೆ, ಸೊಪ್ಪು, ಹಣ್ಣುಗಳನ್ನು ಒಂದೊಂದಾಗಿ ಒಯ್ದು, ಹೊಟ್ಟೆ ತುಂಬಿಸುವ ಅನ್ನವನ್ನು ಕೊನೆಯವರೆಗೂ ಬಿಟ್ಟಿರುತ್ತದೆ. ಹೀಗೆ ಬಿಟ್ಟುಹೋದ ಅನ್ನದಿಂದ ದೊಡ್ಡವರು ದುಡಿಯುವಷ್ಟು ತ್ರಾಣವನ್ನು ಹೇಗೋ ಪಡೆಯಬಹುದು. ಎಲುಬು, ರಕ್ತ, ಮಿದುಳುಗಳು ಇನ್ನೂ ರೂಪುಗೊಳ್ಳುತ್ತಿರುವ ಎರಡು ವರ್ಷದ ಕೂಸು ಪಡೆಯಲಾರದು.

ಕಟ್ಟಡದ ಕೆಲಸಕ್ಕೆ ಬಂದ ಕುಟುಂಬವೊಂದರ ದಿನಚರಿಯನ್ನು ಆಲೋಚಿಸಿರಿ. ತಾಯಿ ನಸುಕಿನಲ್ಲೆದ್ದು, ಟ್ಯಾಂಕರಿನ ನೀರನ್ನು ಹಿಡಿದು, ಮೂರು ಕಲ್ಲಿನ ಒಲೆಯ ಮೇಲೆ ಅನ್ನವನ್ನೂ ಟೊಮೇಟೊ ಸಾರನ್ನೂ ಮಾಡಿ, ಮಧ್ಯಾಹ್ನಕ್ಕೂ ಅದನ್ನೇ ಡಬ್ಬಿಗೆ ತುಂಬಿ, ಮೇಸ್ತ್ರಿಯ ಕೂಗಿಗೆ ಮುನ್ನ ಇಟ್ಟಿಗೆ ಹೊರಲು ಹೊರಡಬೇಕು. ಊರಿನಲ್ಲಿದ್ದಾಗ ಅವಳ ಮನೆಯಲ್ಲಿ ಬಡತನವಿತ್ತು. ಆದರೆ ಜೋಳದ ರೊಟ್ಟಿಯೊಡನೆ ಪುಂಡಿಪಲ್ಯ, ಹೆಸರುಕಾಳು, ಶೇಂಗಾ ಚಟ್ನಿ, ಗುರೆಳ್ಳಿನ ಪುಡಿ, ಒಂದಿಷ್ಟು ಮಜ್ಜಿಗೆ ಇರುತ್ತಿದ್ದುವು. ರೊಟ್ಟಿಗೆ ಹೊಸದಾಗಿ ಬೀಸಿದ ಹಿಟ್ಟು ಬೇಕು, ಹಿಟ್ಟಿಗೆ ಗಿರಣಿ ಬೇಕು, ಬಡಿದು ಬೇಯಿಸಲು ವೇಳೆ ಬೇಕು. ಪಟ್ಟಣದ ಶೆಡ್ಡಿನಲ್ಲಿ ಈ ಮೂರೂ ಇಲ್ಲ. ಅಕ್ಕಿಗಾದರೆ ನೀರು ಬೆಂಕಿಗಳಷ್ಟೇ ಸಾಕು. ಹೀಗೆ ಆ ಹೆಣ್ಣುಮಗಳು ತನ್ನ ಅಡುಗೆಯ ಸಮಸ್ತ ಜ್ಞಾನವನ್ನೂ ಕೃಷ್ಣಾ ಭೀಮಾ ತೀರದಲ್ಲಿ ಬಿಟ್ಟು, ಅತ್ಯಂತ ಬೇಗ ಬೇಯುವ ಒಂದೇ ಒಂದು ಧಾನ್ಯವನ್ನು ನೆಚ್ಚಿಕೊಂಡಿದ್ದಾಳೆ. ಅವಳು ಕೆಲಸಕ್ಕೆ ಹೋದ ಮೇಲೆ ಕೂಸನ್ನು ಕಾಯತಕ್ಕವಳು ಏಳೆಂಟು ವರ್ಷದ ಅಕ್ಕ. ಕೂಸು ಅತ್ತಾಗ ಅವಳ ಕೈಗೆ ಸಿಗುವುದು ಮೂಲೆಯ ಅಂಗಡಿಯ ಬಿಸ್ಕತ್ತು, ಚಹಾ, ಉಪ್ಪುಖಾರದ ಕುರುಕಲು ಪೊಟ್ಟಣ. ಬಟವಾಡೆಯ ದಿನ ಕೋಳಿಯೋ ಮೊಟ್ಟೆಯೋ ಮನೆಗೆ ಬಂದೀತು. ವಾರದ ಮಧ್ಯಭಾಗಕ್ಕೆ ಅಂಗಡಿಯ ಉದ್ರಿಯೇ ಗತಿ, ಉದ್ರಿಯಲ್ಲಿ ಹಣ್ಣು ಹಾಲುಗಳನ್ನು ಕೇಳುವವರಿಲ್ಲ.

ಪೀಣ್ಯ, ಲಗ್ಗೆರೆ, ಹೆಗ್ಗನಹಳ್ಳಿ, ಬೊಮ್ಮಸಂದ್ರ, ಹೆಬ್ಬಗೋಡಿಗಳ ಗಾರ್ಮೆಂಟ್ಸ್ ಕಾರ್ಮಿಕರ ಸ್ಥಿತಿ ಇದಕ್ಕಿಂತ ಒಂದು ಮೆಟ್ಟಿಲು ಮೇಲಿನದು. ಅವರಿಗೆ ಬಾಡಿಗೆಯ ಒಂದು ಕೋಣೆ ಉಂಟು, ಗ್ಯಾಸಿನ ಒಲೆ ಉಂಟು, ತಿಂಗಳ ಸಂಬಳ ಉಂಟು. ಆದರೆ ಬಾಡಿಗೆ, ಶಾಲೆಯ ಶುಲ್ಕ, ಸಂಘದ ಸಾಲದ ಕಂತುಗಳು ಮೊದಲೇ ನಿಗದಿಯಾಗಿರುವುದರಿಂದ ಸಂಸಾರದ ಖರ್ಚಿನಲ್ಲಿ ಹಿಗ್ಗಿಸಿ ಕುಗ್ಗಿಸಬಹುದಾದದ್ದು ಊಟವೊಂದೇ. 2016ರ ಏಪ್ರಿಲಿನಲ್ಲಿ ಭವಿಷ್ಯನಿಧಿಯ ಹಣವನ್ನು ಹಿಂತೆಗೆಯಲು ಕೇಂದ್ರ ಸರ್ಕಾರ ತಂದ ನಿರ್ಬಂಧದ ವಿರುದ್ಧ ಗಾರ್ಮೆಂಟ್ಸ್ ಕಾರ್ಖಾನೆಗಳ ಹೆಂಗಸರು ಹೊಸೂರು ರಸ್ತೆಯಲ್ಲೂ ಪೀಣ್ಯದಲ್ಲೂ ಸಾವಿರಗಟ್ಟಲೆ ಬೀದಿಗಿಳಿದಾಗ, ಆ ಅಲ್ಪ ಉಳಿತಾಯದ ಮೇಲೆ ಅವರ ಸಂಸಾರಗಳು ಎಷ್ಟರಮಟ್ಟಿಗೆ ನಿಂತಿವೆ ಎಂಬುದು ನಗರಕ್ಕೆ ಒಂದೆರಡು ದಿನದ ಮಟ್ಟಿಗೆ ಗೊತ್ತಾಯಿತು. ಸರ್ಕಾರವು ನಿಯಮವನ್ನು ಹಿಂತೆಗೆದುಕೊಂಡಿತು, ನಗರವು ಸಂಗತಿಯನ್ನು ಮರೆಯಿತು.

ಈಗ ಅಂಕಿಗಳತ್ತ ನೋಡೋಣ. 2019–21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡ 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು, ಶೇಕಡ 19.5ರಷ್ಟು ಮಂದಿ ಎತ್ತರಕ್ಕೆ ತಕ್ಕ ತೂಕವಿಲ್ಲದವರು. ಆರು ತಿಂಗಳಿಂದ ಐದು ವರ್ಷದವರೆಗಿನ ಮಕ್ಕಳಲ್ಲಿ ಶೇಕಡ 65.5ರಷ್ಟು ಮಂದಿ ರಕ್ತಹೀನರು. ಇದಕ್ಕೆ ಹಿಂದಿನ, 2015–16ರ ಸಮೀಕ್ಷೆಯಲ್ಲಿ ಈ ಅಂಕಿಗಳು ಕ್ರಮವಾಗಿ 36.2, 26.1 ಮತ್ತು 60.9. ಎರಡನ್ನೂ ಒಟ್ಟಿಗೆ ಇಟ್ಟು ಓದಿದರೆ ಅರ್ಥ ಸ್ಫುಟವಾಗುತ್ತದೆ: ತೂಕದ ಕೊರತೆ ಗಣನೀಯವಾಗಿ ತಗ್ಗಿದೆ, ಎತ್ತರದ ಕೊರತೆ ಹೆಚ್ಚುಕಡಿಮೆ ಇದ್ದಲ್ಲಿಯೇ ಇದೆ, ರಕ್ತಹೀನತೆ ಏರಿದೆ. ಹೊಟ್ಟೆ ಮೊದಲಿಗಿಂತ ತುಂಬಿದೆ. ಮೈ ಬೆಳೆದಿಲ್ಲ, ರಕ್ತ ಇನ್ನಷ್ಟು ತಿಳಿಯಾಗಿದೆ.

ಆರು ತಿಂಗಳಿಂದ ಎರಡು ವರ್ಷದವರೆಗಿನ ಕೂಸಿಗೆ ಏನು ಬೇಕೆಂಬುದನ್ನು ವಿಶ್ವ ಆರೋಗ್ಯ ಸಂಸ್ಥೆ ಸರಳವಾಗಿ ಹೇಳಿದೆ. ತಾಯಿಯ ಹಾಲು, ಧಾನ್ಯ ಮತ್ತು ಗಡ್ಡೆ, ಬೇಳೆಕಾಳು ಮತ್ತು ಬೀಜ, ಹಾಲಿನ ಪದಾರ್ಥ, ಮಾಂಸ ಮೀನು, ಮೊಟ್ಟೆ, ಎ ಜೀವಸತ್ವವುಳ್ಳ ಹಣ್ಣು ತರಕಾರಿ, ಇತರ ಹಣ್ಣು ತರಕಾರಿ ಎಂಬ ಎಂಟು ವರ್ಗಗಳಲ್ಲಿ ದಿನಕ್ಕೆ ಐದಾದರೂ ಅದರ ಬಾಯಿಗೆ ಸೇರಬೇಕು. ಒಂಬತ್ತು ತಿಂಗಳು ತುಂಬಿದ ಮೇಲೆ ದಿನಕ್ಕೆ ಮೂರು ನಾಲ್ಕು ಸಲ ಉಣಿಸಬೇಕು, ಏತಕ್ಕೆಂದರೆ ಕೂಸಿನ ಹೊಟ್ಟೆ ಅದರ ಮುಷ್ಟಿಯಷ್ಟೇ ಇರತಕ್ಕದ್ದು. ಶೆಡ್ಡಿನ ಕೂಸಿನ ತಟ್ಟೆಯನ್ನು ಈ ಲೆಕ್ಕಕ್ಕೆ ಹಿಡಿದರೆ ತಾಯಿಯ ಹಾಲು ಒಂದು, ಅನ್ನ ಎರಡು, ಸಾರಿನಲ್ಲಿ ಕರಗಿಹೋದ ಟೊಮೇಟೊವನ್ನು ಉದಾರವಾಗಿ ಎಣಿಸಿದರೆ ಮೂರು. ಬೆಳಿಗ್ಗೆ ಒಮ್ಮೆ, ಕತ್ತಲಾದ ಮೇಲೆ ಒಮ್ಮೆ. ಇದು ಶೆಡ್ಡಿಗಷ್ಟೇ ಸೀಮಿತವಾದ ದೈನ್ಯವೆಂದೂ ತಿಳಿಯಬೇಕಿಲ್ಲ. ಇಡೀ ಭಾರತದಲ್ಲಿಯೇ ಈ ವಯಸ್ಸಿನ ಮಕ್ಕಳಲ್ಲಿ ಸಮರ್ಪಕವಾದ ಕನಿಷ್ಠ ಆಹಾರ ದೊರೆಯುತ್ತಿರುವುದು ಶೇಕಡ 11.3 ಮಂದಿಗೆ ಮಾತ್ರವೆಂದು ಅದೇ ಐದನೆಯ ಸಮೀಕ್ಷೆ ಹೇಳುತ್ತದೆ.

ಕರ್ನಾಟಕಕ್ಕೆ ಈ ವಿಷಯದಲ್ಲಿ ತಿಳಿವಳಿಕೆಯ ಅಭಾವವಿದೆಯೆಂದು ಯಾರೂ ಹೇಳಲಾರರು. 1950ರಲ್ಲಿ ಮೈಸೂರಿನಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯವು ಶೇಂಗಾ ಹಿಟ್ಟಿನ ಮೂರು ಪಾಲಿಗೆ ಕಡಲೆಹಿಟ್ಟಿನ ಒಂದು ಪಾಲನ್ನು ಕೂಡಿಸಿ ಬಡವರ ಊಟಕ್ಕೆ ಪುಷ್ಟಿ ನೀಡುವ ವಿವಿಧೋದ್ದೇಶ ಆಹಾರವನ್ನು ರೂಪಿಸಿತು. ಮೊಳಕೆ ಕಟ್ಟಿದ ರಾಗಿ ಮತ್ತು ಹೆಸರುಕಾಳಿನ ಹಿಟ್ಟಿನಿಂದ ಕೂಸುಗಳ ಆಹಾರವನ್ನು ಸಿದ್ಧಪಡಿಸಿತು. ನಮ್ಮ ಅಜ್ಜಿಯರು ರಾಗಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಬೀಸಿ, ವಸ್ತ್ರಗಾಳಿತ ಮಾಡಿ ಕೂಸಿಗೆ ಸರಿ ಕಾಯಿಸುತ್ತಿದ್ದುದರ ಹಿಂದಿನ ವಿವೇಕವನ್ನು ವಿಜ್ಞಾನ ಅಲ್ಲಿ ಪರೀಕ್ಷಿಸಿ ಒಪ್ಪಿತು. ನೂರು ಗ್ರಾಂ ರಾಗಿಯಲ್ಲಿ ಸುಮಾರು 340 ಮಿಲಿಗ್ರಾಂ ಸುಣ್ಣದ ಸತ್ವ ಉಂಟು. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಅದು ಹತ್ತರ ಆಸುಪಾಸು. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ದೇಶದ 33 ಕಡೆಗಳಲ್ಲಿ ಪ್ರಾಯೋಗಿಕವಾಗಿ ಪ್ರಾರಂಭವಾದಾಗ ಅವುಗಳಲ್ಲಿ ಒಂದು ನಮ್ಮ ತಿರುಮಕೂಡಲು ನರಸೀಪುರ. ಅರ್ಧ ಶತಮಾನದ ಅನುಭವವುಳ್ಳ ಅಂಗನವಾಡಿಯ ವ್ಯವಸ್ಥೆ ನಮ್ಮದು.

ಹಾಗಾದರೆ ತೊಡಕೆಲ್ಲಿದೆ? ನನ್ನ ದೃಷ್ಟಿಯಲ್ಲಿ ಅದು ಎರಡು ಸ್ಥಾನಗಳಲ್ಲಿದೆ: ವಿಳಾಸದಲ್ಲಿ ಮತ್ತು ವೇಳೆಯಲ್ಲಿ. ನಮ್ಮ ಯೋಜನೆಗಳೆಲ್ಲವೂ ಒಂದೂರಿನಲ್ಲಿ ನೆಲೆನಿಂತ ಕುಟುಂಬವನ್ನೂ, ಹಗಲು ಮನೆಯಲ್ಲಿರುವ ತಾಯಿಯನ್ನೂ ಕಣ್ಣ ಮುಂದಿಟ್ಟುಕೊಂಡು ರಚಿತವಾದವು. ವೈಟ್‌ಫೀಲ್ಡಿನ ಶೆಡ್ಡಿನಲ್ಲಿ ಇರುವುದು ಅಲೆಯುವ ಕುಟುಂಬ, ಹಗಲು ಮನೆಯಲ್ಲಿರದ ತಾಯಿ.

ವಿಳಾಸದ ಮಾತನ್ನು ಮೊದಲು ತೆಗೆದುಕೊಳ್ಳೋಣ. ರಾಯಚೂರು ಜಿಲ್ಲೆಯಲ್ಲಿ, ವಿಶೇಷವಾಗಿ ದೇವದುರ್ಗದ ಸುತ್ತ, ಅಪೌಷ್ಟಿಕತೆಯಿಂದ ಮಕ್ಕಳು ಸತ್ತ ವರದಿಗಳು 2011ರ ಸುಮಾರಿಗೆ ನಾಡಿನ ಮನಸ್ಸನ್ನು ಕಲಕಿದುವು. ಉಚ್ಚ ನ್ಯಾಯಾಲಯದ ಆಸಕ್ತಿಯಿಂದ ನ್ಯಾಯಮೂರ್ತಿ ಎನ್. ಕೆ. ಪಾಟೀಲರ ನೇತೃತ್ವದಲ್ಲಿ ಸಮಿತಿ ನೇಮಕವಾಯಿತು. ಆಮೇಲಿನ ವರ್ಷಗಳಲ್ಲಿ ಕಲ್ಯಾಣ ಕರ್ನಾಟಕದ ಕಡೆಗೆ ಸರ್ಕಾರದ ಗಮನ ಹರಿಯಿತು. ಶಾಲೆಯ ಬಿಸಿಯೂಟದಲ್ಲಿ ಮೊಟ್ಟೆ ನೀಡುವ ಪ್ರಯೋಗ 2021ರ ಡಿಸೆಂಬರಿನಲ್ಲಿ ಆರಂಭವಾದದ್ದೂ ಆ ಭಾಗದಲ್ಲಿಯೇ. ಉದ್ಯೋಗ ಖಾತರಿಯಲ್ಲಿ ದುಡಿಯುವ ತಾಯಂದಿರ ಕೂಸುಗಳಿಗಾಗಿ ಗ್ರಾಮ ಪಂಚಾಯತಿಗಳಲ್ಲಿ ಕೂಸಿನ ಮನೆಗಳನ್ನು ತೆರೆಯುವ ಪ್ರಶಂಸನೀಯ ಯೋಜನೆ 2023ರಿಂದ ಈಚಿನದು. ಆದರೆ ಅದೇ ತಾಯಿ, ಅದೇ ಕೂಸು, ಮಳೆ ಕೈಕೊಟ್ಟ ವರ್ಷ ಬಸ್ಸು ಹತ್ತಿ ಕಾಡುಗೋಡಿಯಲ್ಲಿ ಇಳಿದ ಗಳಿಗೆಯಿಂದ ಪಂಚಾಯತಿಯ ಪಟ್ಟಿಯಿಂದ ಹೊರಬೀಳುತ್ತಾರೆ, ನಗರದ ಪಟ್ಟಿಯನ್ನಂತೂ ಸೇರುವುದೇ ಇಲ್ಲ. ಪಡಿತರ ಚೀಟಿಯನ್ನು ಎಲ್ಲಿ ಬೇಕಾದರೂ ಬಳಸಬಹುದೆಂಬ ಏರ್ಪಾಡು ಇದ್ದರೂ, ಚೀಟಿಯಲ್ಲಿರುವ ಅಕ್ಕಿಯನ್ನು ಊರಿನಲ್ಲಿ ಉಳಿದ ಮುದುಕರು ನೆಚ್ಚಿರುತ್ತಾರೆ. ಹೊರರಾಜ್ಯದವರಿಗೆ ಯಾವ ಅಂಗಡಿಯನ್ನು ಕೇಳಬೇಕೆಂಬುದೂ ತಿಳಿಯದು. ಶೆಡ್ಡಿನ ವಾಸವೋ ಗುತ್ತಿಗೆದಾರನ ಮರ್ಜಿಗೆ ಒಳಪಟ್ಟದ್ದು. 2020ರ ಜನವರಿಯಲ್ಲಿ ಕರಿಯಮ್ಮನ ಅಗ್ರಹಾರದಲ್ಲಿ ಅಕ್ರಮ ವಲಸಿಗರೆಂಬ ಶಂಕೆಯ ಮೇಲೆ ನೂರಾರು ಶೆಡ್ಡುಗಳನ್ನು ಕೆಡವಿದಾಗ, ಅವುಗಳಲ್ಲಿದ್ದವರಲ್ಲಿ ಅನೇಕರು ಉತ್ತರ ಕರ್ನಾಟಕದ ಕನ್ನಡಿಗರೇ ಆಗಿದ್ದರು. ಆ ಕೃತ್ಯವನ್ನು ಉಚ್ಚ ನ್ಯಾಯಾಲಯ ಖಂಡಿಸಬೇಕಾಯಿತು. ಎರಡೇ ತಿಂಗಳಲ್ಲಿ ಬಂದ ಲಾಕ್‌ಡೌನ್ ಅಂಥ ಅಸಂಖ್ಯಾತ ಕುಟುಂಬಗಳಿಗೆ ಈ ನಗರದಲ್ಲಿ ತಮ್ಮ ಹೆಸರು ಎಲ್ಲಿಯೂ ಬರೆದಿಲ್ಲವೆಂಬುದನ್ನು ಮನಗಾಣಿಸಿತು.

ವೇಳೆಯ ಮಾತು ಇದಕ್ಕಿಂತ ಸೂಕ್ಷ್ಮವಾದದ್ದು. 2013ರ ಜುಲೈಯಲ್ಲಿ ಆರಂಭವಾದ ಅನ್ನಭಾಗ್ಯ ಎಂಬ ಪಡಿತರ ಅಕ್ಕಿಯ ಯೋಜನೆಯು ಲಕ್ಷಾಂತರ ಮನೆಗಳಿಂದ ಉಪವಾಸವನ್ನು ಓಡಿಸಿತೆಂಬುದನ್ನು ಅಲ್ಲಗಳೆಯುವವನು ಬಡವರ ಮನೆಯನ್ನು ಹೊಕ್ಕು ನೋಡದವನು. ಆ ಯೋಜನೆಯ ಹೆಚ್ಚುವರಿ ಅಕ್ಕಿಗೆ ಬದಲಾಗಿ ತೊಗರಿಬೇಳೆ, ಅಡುಗೆಎಣ್ಣೆಗಳಿರುವ ಇಂದಿರಾ ಕಿಟ್ ಕೊಡಬೇಕೆಂದು 2025ರ ಅಕ್ಟೋಬರಿನಲ್ಲಿ ಸಚಿವ ಸಂಪುಟ ನಿಶ್ಚಯಿಸಿದ್ದು ಅನ್ನದಿಂದ ಆಹಾರದೆಡೆಗೆ ಇಟ್ಟ ಸರಿಯಾದ ಹೆಜ್ಜೆ. ಆದರೆ ಬೇಳೆ ಮನೆಗೆ ಬಂದರಷ್ಟೇ ಸಾಲದು. ಅದನ್ನು ಬೇಯಿಸಿ, ನುಣ್ಣಗೆ ಕಿವುಚಿ, ತುಪ್ಪವಿಲ್ಲದಿದ್ದರೆ ಎಣ್ಣೆಯ ಹನಿಯನ್ನಾದರೂ ಹಾಕಿ, ಹಟ ಮಾಡುವ ಕೂಸನ್ನು ರಮಿಸಿ ಉಣಿಸಲು ಒಬ್ಬರು ಹಗಲಿನಲ್ಲಿ ಇರಬೇಕು. ಆ ಒಬ್ಬರು ಎಂಟು ಗಂಟೆ ಹೊಲಿಗೆಯ ಯಂತ್ರದ ಮುಂದೆಯೋ ಹತ್ತನೆಯ ಅಂತಸ್ತಿನಲ್ಲಿಯೋ ಇದ್ದಾರೆ. ಅಂಗನವಾಡಿಯಾದರೋ ಮೂರು ವರ್ಷ ತುಂಬಿದವರನ್ನು ಕೂರಿಸಿಕೊಂಡು ಉಣಿಸುತ್ತದೆ. ಮೂರರ ಒಳಗಿನವರಿಗೆ ಮನೆಗೆ ಒಯ್ಯುವ ಪೊಟ್ಟಣವನ್ನು ಕೊಡುತ್ತದೆ. ಹೀಗಾಗಿ ಬೆಳವಣಿಗೆಯ ನಿರ್ಣಾಯಕವಾದ ಮೊದಲ ಸಾವಿರ ದಿನಗಳಲ್ಲಿಯೇ ಕೂಸು ಪೊಟ್ಟಣದ ಪಾಲಾಗಿ, ಪೊಟ್ಟಣವು ಇಡೀ ಮನೆಯವರ ಪಾಲಾಗುತ್ತದೆ. ಅದೇ ಕೂಸು ಬದುಕಿ ಆರು ವರ್ಷಕ್ಕೆ ಶಾಲೆ ಸೇರಿದರೆ ಅದಕ್ಕೆ ಹಾಲುಂಟು, ಬಿಸಿಯೂಟವುಂಟು, 2024ರಿಂದ ವಾರದ ಆರು ದಿನವೂ ಮೊಟ್ಟೆಯುಂಟು. ಮಾಡಿದ್ದೆಲ್ಲ ಸ್ತುತ್ಯ, ಆದರೆ ಕುಂಠಿತವಾದ ಎತ್ತರವು ಆ ವಯಸ್ಸಿನಲ್ಲಿ ಬಹುಮಟ್ಟಿಗೆ ಮರಳಿ ಬಾರದು.

ಆದ್ದರಿಂದ ನಾನು ಹೇಳಬೇಕಾದದ್ದು ಇಷ್ಟೆ: ಈ ಹೊರವಲಯದ ಕೂಸುಗಳ ಅಪೌಷ್ಟಿಕತೆಗೆ ಮದ್ದು ಇನ್ನಷ್ಟು ಅಕ್ಕಿಯಲ್ಲ, ತಾಯಿಯ ಕೆಲಸದ ಸ್ಥಳದ ಬಳಿಯಲ್ಲಿ, ಅವಳ ಕೆಲಸದ ಹೊತ್ತಿಗೆ ಹೊಂದಿಕೊಂಡು ನಡೆಯುವ, ದಿನಕ್ಕೆ ಮೂರು ಸಲ ಬಗೆಬಗೆಯ ಆಹಾರವನ್ನು ಕೈಯಾರೆ ಉಣಿಸುವ ಶಿಶುವಿಹಾರ. ಇದು ಹೊಸ ಕಲ್ಪನೆಯೂ ಅಲ್ಲ. ಮೂವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವಲ್ಲಿ ಶಿಶುವಿಹಾರವಿರತಕ್ಕದ್ದೆಂದು 1948ರ ಕಾರ್ಖಾನೆಗಳ ಕಾಯಿದೆ ವಿಧಿಸಿತ್ತು. ಐವತ್ತಕ್ಕಿಂತ ಹೆಚ್ಚು ಹೆಂಗಸರಿರುವ ಕಟ್ಟಡದ ಕೆಲಸಕ್ಕೆ 1996ರ ಕಟ್ಟಡ ಕಾರ್ಮಿಕರ ಕಾಯಿದೆ ಹಾಗೆಯೇ ವಿಧಿಸಿತು. ಅವುಗಳ ಸ್ಥಾನಕ್ಕೆ ಬಂದಿರುವ ಕಾರ್ಮಿಕ ಸಂಹಿತೆಯೂ ಈ ಹೊಣೆಯನ್ನು ಕೈಬಿಟ್ಟಿಲ್ಲ. ಮೀರಾ ಮಹಾದೇವನ್ ಎಂಬಾಕೆ ದೆಹಲಿಯ ಕಟ್ಟಡದ ಕೆಲಸದ ನಡುವೆ ಧೂಳಿನಲ್ಲಿ ಮಲಗಿದ್ದ ಕೂಸುಗಳಿಗಾಗಿ ಡೇರೆಯೊಂದನ್ನು ಹೂಡಿ ಸಂಚಾರಿ ಶಿಶುವಿಹಾರಗಳನ್ನು ಆರಂಭಿಸಿದ್ದು 1969ರಲ್ಲಿ. ಡೇರೆಯಲ್ಲಿ ಸಾಧ್ಯವಾದದ್ದು ಮೂವತ್ತು ಅಂತಸ್ತಿನ ವಸತಿಸಮುಚ್ಚಯದ ಆವರಣದಲ್ಲಿ ಸಾಧ್ಯವಾಗದೆಂಬ ಮಾತನ್ನು ಒಪ್ಪುವುದು ಕಷ್ಟ.

ಇದಕ್ಕೆ ಎರಡು ಆಕ್ಷೇಪಗಳು ಬರುವುದುಂಟು. ಮೊದಲನೆಯದು, ತಾಯಂದಿರಿಗೆ ತಿಳಿವಳಿಕೆ ಸಾಲದು, ಆದ್ದರಿಂದ ಬೋಧನೆ ಬೇಕೆಂಬುದು. ಹೆಸರುಕಾಳು, ಪುಂಡಿಪಲ್ಯ, ಮಜ್ಜಿಗೆಗಳಲ್ಲಿ ಬೆಳೆದವಳಿಗೆ ವೈವಿಧ್ಯದ ಪಾಠವನ್ನು ಹೇಳುವುದಕ್ಕೆ ಮುಂಚೆ ಅವಳಿಗೆ ಒಂದು ಗಂಟೆಯ ಬಿಡುವನ್ನೂ ಕೈಯಲ್ಲಿ ನಾಲ್ಕು ಕಾಸನ್ನೂ ಕೊಟ್ಟು ನೋಡುವುದು ಲೇಸು. ಎರಡನೆಯದು, ಹಣವೆಲ್ಲಿ ಎಂಬುದು. ಆರು ತಿಂಗಳು ಮೀರಿದ ಮಗುವಿನ ಪೂರಕ ಆಹಾರಕ್ಕೆಂದು 2017ರಲ್ಲಿ ಕೇಂದ್ರವು ನಿಗದಿಮಾಡಿದ ದರ ದಿನಕ್ಕೆ 8 ರೂಪಾಯಿ. ಇಂದು ಮೊಟ್ಟೆಯೊಂದರ ಬೆಲೆಯೇ ಆರೇಳು ರೂಪಾಯಿ. ಈ ದರದಲ್ಲಿ ವೈವಿಧ್ಯವನ್ನು ಬಯಸುವುದು ವಿಡಂಬನೆಯೇ ಸರಿ. ಆದರೆ ಬೆಂಗಳೂರಿನಲ್ಲಿ ಹಣವಿಲ್ಲವೆಂಬ ಮಾತು ಯಾರ ಬಾಯಲ್ಲಿಯೂ ಒಪ್ಪದು. ಇಲ್ಲಿ ಏಳುವ ಪ್ರತಿಯೊಂದು ದೊಡ್ಡ ಕಟ್ಟಡದ ವೆಚ್ಚದಲ್ಲಿ ಶೇಕಡ ಒಂದರಷ್ಟು ಕಾರ್ಮಿಕರ ಕಲ್ಯಾಣಕ್ಕೆಂದು ಸೆಸ್ ರೂಪದಲ್ಲಿ ಸಂಗ್ರಹವಾಗುತ್ತದೆ. ಆ ನಿಧಿ ಸಾವಿರಾರು ಕೋಟಿಗಳದ್ದು. 2013ರ ಕಂಪನಿಗಳ ಕಾಯಿದೆಯು ಲಾಭದ ಶೇಕಡ ಎರಡನ್ನು ವ್ಯಯಿಸಬೇಕಾದ ಸಾಮಾಜಿಕ ಕಾರ್ಯಗಳ ಪಟ್ಟಿಯಲ್ಲಿ ಹಸಿವು ಮತ್ತು ಅಪೌಷ್ಟಿಕತೆಯ ನಿವಾರಣೆಯನ್ನೇ ಮೊದಲಿಗೆ ಬರೆದಿದೆ. ಶಾಲೆಯ ಮಕ್ಕಳ ಮೊಟ್ಟೆಗಾಗಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನವು ಮೂರು ವರ್ಷಕ್ಕೆ 1,591 ಕೋಟಿ ರೂಪಾಯಿಗಳ ಒಪ್ಪಂದವನ್ನು ಸರ್ಕಾರದೊಡನೆ ಮಾಡಿಕೊಂಡದ್ದು, ಇದೇ ಮಣ್ಣಿನಲ್ಲಿ ಗಳಿಸಿದ ಐಶ್ವರ್ಯ ಮಕ್ಕಳ ತಟ್ಟೆಗೆ ಬರಬಲ್ಲದೆಂಬುದಕ್ಕೆ ನಿದರ್ಶನ. ಆದರೆ ದಾನವು ದಾನಿಯ ಮನಸ್ಸಿಗೆ ಅಧೀನ. ಕೂಸಿನ ಊಟ ಕಾನೂನಿಗೆ ಅಧೀನವಾಗಿರಬೇಕು.

ಮಾಡತಕ್ಕ ಕೆಲಸ ಸ್ಪಷ್ಟವಾಗಿದೆ. ದೊಡ್ಡ ಕಟ್ಟಡದ ನಕ್ಷೆಗೆ ಮಂಜೂರಾತಿ ಕೊಡುವ ಮುನ್ನವೇ ಕಾರ್ಮಿಕರ ವಸತಿಯಲ್ಲಿ ಶಿಶುವಿಹಾರದ ಜಾಗವನ್ನು ತೋರಿಸಬೇಕೆಂಬ ಷರತ್ತನ್ನು ನಗರದ ಹೊಸ ಪಾಲಿಕೆಗಳು ವಿಧಿಸಲಿ. ಅದನ್ನು ನಡೆಸುವ ವೆಚ್ಚವನ್ನು ಸೆಸ್ ನಿಧಿ ಭರಿಸಲಿ. ನಲವತ್ತು ಮಕ್ಕಳಿರುವ ಕೊಳೆಗೇರಿಯ ಜನ ಕೇಳಿದರೆ ಮೂರು ತಿಂಗಳೊಳಗೆ ಅಂಗನವಾಡಿ ತೆರೆಯಬೇಕೆಂದು ಸರ್ವೋಚ್ಚ ನ್ಯಾಯಾಲಯವು 2006ರ ಡಿಸೆಂಬರ್ 13ರಂದು ಆದೇಶಿಸಿದೆ. ಅದು ತೂಬರಹಳ್ಳಿಗೂ ಮುನ್ನೇಕೊಳಾಲಕ್ಕೂ ಹೆಗ್ಗನಹಳ್ಳಿಗೂ ಅನ್ವಯಿಸುತ್ತದೆಂಬುದನ್ನು ಅಧಿಕಾರಿಗಳು ನೆನೆಯಲಿ. ಯಾವ ಊರಿನ ಚೀಟಿಯೆಂದು ಕೇಳದೆ, ಬಂದ ದಿನವೇ ಕೂಸಿನ ಹೆಸರನ್ನು ಬರೆದುಕೊಳ್ಳಲಿ. ತಿಂಗಳಿಗೊಮ್ಮೆ ತೋಳಿನ ಸುತ್ತಳತೆಯನ್ನು ಅಳೆದು, 11.5 ಸೆಂಟಿಮೀಟರಿಗಿಂತ ಕಡಿಮೆಯಿದ್ದವರನ್ನು ಆಸ್ಪತ್ರೆಗೆ ಸೇರಿಸಿ, ತಾಯಿಗೆ ಕಳೆದುಹೋಗುವ ಕೂಲಿಯನ್ನು ಕಟ್ಟಿಕೊಡಲಿ. ಮೂರರ ಒಳಗಿನವರಿಗೆ ರಾಗಿ ಸರಿ, ಹೆಸರುಬೇಳೆ, ಮೊಟ್ಟೆ ಅಥವಾ ಹಾಲು, ಸೊಪ್ಪು, ಬಾಳೆಹಣ್ಣುಗಳು ಪೊಟ್ಟಣದಲ್ಲಲ್ಲದೆ ಬಿಸಿಯಾಗಿ ಸಲ್ಲಲಿ.

ವಸತಿಸಮುಚ್ಚಯಗಳಲ್ಲಿ ಮನೆಯನ್ನು ಕೊಂಡುಕೊಳ್ಳುವ ವಾಚಕರಿಗೂ ಒಂದು ವಿಜ್ಞಾಪನೆ ಉಂಟು. ಈಜುಕೊಳವೆಲ್ಲಿ, ವ್ಯಾಯಾಮಶಾಲೆಯೆಲ್ಲಿ ಎಂದು ನೀವು ನಿರ್ಮಾಣದ ಕಂಪನಿಯವರನ್ನು ವಿಚಾರಿಸುತ್ತೀರಿ. ವಿಚಾರಿಸುವುದು ನಿಮ್ಮ ಹಕ್ಕು. ಅದೇ ಉಸಿರಿನಲ್ಲಿ, ಈ ಕಟ್ಟಡವನ್ನು ಕಟ್ಟುತ್ತಿರುವವರ ಕೂಸುಗಳಿಗೆ ಶಿಶುವಿಹಾರವೆಲ್ಲಿ, ಅಲ್ಲಿ ಇಂದು ಮಧ್ಯಾಹ್ನ ಏನನ್ನು ಉಣಿಸಿದರು ಎಂದೂ ವಿಚಾರಿಸಿರಿ. ಆ ಪ್ರಶ್ನೆಯನ್ನು ಕೇಳುವವರು ನೂರು ಮಂದಿಯಾದರೆ ಉತ್ತರವನ್ನು ಸಿದ್ಧಪಡಿಸಿಕೊಳ್ಳುವುದು ಕಂಪನಿಗೂ ಪಾಲಿಕೆಗೂ ಅನಿವಾರ್ಯವಾಗುತ್ತದೆ.